ಪೋಷಕ ನಟರು ಎಲ್ಲಿ ತಯಾರಾಗುತ್ತಾರೆ?

‘ಇನ್ ದಿ ನೇಮ್ ಆಫ್ ದಿ ಫಾದರ್’ ಚಿತ್ರದ ಕಥೆ ಮಗನದು. ಮಾಡದ ಬಾಂಬ್ ಸ್ಫೋಟದ ಆರೋಪ ಹೊತ್ತು ಜೈಲು ಸೇರಿದ ಜೆರ್ರಿ ಕಾನ್ಲನ್ ಪಾತ್ರದಲ್ಲಿ ಡೇನಿಯಲ್ ಡೇ-ಲೂಯಿಸ್ ಸಿಟ್ಟು, ಹಟ, ಕೂಗಾಟಗಳಿಂದ ತೆರೆಯನ್ನು ತುಂಬಿಬಿಡುತ್ತಾರೆ. ಅದೇ ಕೋಣೆಯಲ್ಲಿ ಅವನ ಅಪ್ಪ ಜುಸೆಪ್ಪೆ ಇದ್ದಾನೆ. ಮಗನಿಗೆ ವಕೀಲರನ್ನು ಹುಡುಕಲು ಬೆಲ್‌ಫಾಸ್ಟ್‌ನಿಂದ ಬಂದು ತಾನೂ ಸಿಕ್ಕಿಬಿದ್ದವನು. ಅವನ ದನಿ ಏರುವುದೇ ಅಪರೂಪ. ಕೆಮ್ಮುತ್ತಾನೆ, ಪ್ರಾರ್ಥಿಸುತ್ತಾನೆ, ಬಿಡುಗಡೆಗಾಗಿ ಪತ್ರ ಬರೆಯುತ್ತಾನೆ. ಅವನು ಸತ್ತ ರಾತ್ರಿ ಕೈದಿಗಳು ಒಬ್ಬೊಬ್ಬರಾಗಿ ಉರಿಯುವ ಕಾಗದಗಳನ್ನು ಕಿಟಕಿಯಿಂದ ಕತ್ತಲಿಗೆ ಬಿಡುತ್ತಾರೆ. ಅಷ್ಟು ಹೊತ್ತಿಗೆ ಆ ಮೆಲುದನಿಯ ಮನುಷ್ಯ ನಮ್ಮ ಮನೆಯ ಹಿರಿಯನೇ ಆಗಿಬಿಟ್ಟಿರುತ್ತಾನೆ.

ನಿಜ ಜೀವನದಲ್ಲಿ ಅಪ್ಪ ಮಗ ಹೀಗೆ ಒಂದೇ ಕೋಣೆಯಲ್ಲಿ ಇರಲಿಲ್ಲ. ಅದು ನಿರ್ದೇಶಕ ಜಿಮ್ ಶೆರಿಡನ್ ತೆಗೆದುಕೊಂಡ ಸ್ವಾತಂತ್ರ್ಯ. ಆದರೆ ಜುಸೆಪ್ಪೆ ಕಾನ್ಲನ್ ಎಂಬ ನಿರಪರಾಧಿ 1980ರಲ್ಲಿ ಕೈದಿಯಾಗಿಯೇ ತೀರಿಕೊಂಡದ್ದು ಸತ್ಯ. ಆ ಪಾತ್ರಕ್ಕೆ ಜೀವ ಕೊಟ್ಟ ಇಂಗ್ಲೆಂಡಿನ ನಟ ಪೀಟ್ ಪೋಸಲ್‌ತ್ವೇಟ್ ಅವರಿಗೆ ಅತ್ಯುತ್ತಮ ಪೋಷಕ ನಟನ ಆಸ್ಕರ್ ನಾಮನಿರ್ದೇಶನ ಬಂತು. ಪ್ರಶಸ್ತಿ ‘ದಿ ಫ್ಯುಜಿಟಿವ್’ ಚಿತ್ರದ ಟಾಮಿ ಲೀ ಜೋನ್ಸ್ ಪಾಲಾಯಿತು.

ನಾನು ಪ್ರೌಢಶಾಲೆಯ ಮೇಷ್ಟ್ರು. ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ನಾಟಕ ಆಡಿಸುವ ಕೆಲಸವೂ ನನ್ನದೇ. ಪಾತ್ರ ಹಂಚಿದ ಮರುದಿನ ಯಾರಾದರೊಬ್ಬ ತಂದೆಯೋ ತಾಯಿಯೋ ಬಂದೇ ಬರುತ್ತಾರೆ. “ಸಾರ್, ನಮ್ ಹುಡುಗನಿಗೆ ಬರೀ ಸೇವಕನ ಪಾರ್ಟ್ ಕೊಟ್ಟಿದ್ದೀರಂತೆ?” ಆ ‘ಬರೀ’ಗೆ ನನ್ನ ಉತ್ತರ ಪೋಸಲ್‌ತ್ವೇಟ್ ಅವರ ವೃತ್ತಿಜೀವನ. ಆ ಜೀವನವನ್ನು ಇಲ್ಲಿ ಹೇಳುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಇಂಥ ನಟರು ದೈವದತ್ತವಾಗಿ ಸಿಗುತ್ತಾರೆ ಎಂದು ನಾವು ನಂಬಿಕೊಂಡಿದ್ದೇವೆ. ಆ ನಂಬಿಕೆ ಸುಳ್ಳು. ಅವರನ್ನು ಊರು ತಯಾರು ಮಾಡುತ್ತದೆ, ಸಂಬಳ ಕೊಟ್ಟು.

ಪೀಟ್ ಹುಟ್ಟಿದ್ದು 1946ರ ಫೆಬ್ರವರಿ 7ರಂದು, ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವಿನ ಕಾರ್ಖಾನೆಗಳ ಊರು ವಾರಿಂಗ್ಟನ್‌ನಲ್ಲಿ. ಅಪ್ಪ ಪೀಪಾಯಿ ಮಾಡುವ ಕಸುಬಿನವರು, ಶಾಲೆಯೊಂದರಲ್ಲಿ ಕಾವಲು–ಉಸ್ತುವಾರಿಯ ಕೆಲಸವನ್ನೂ ಮಾಡಿದವರು. ಕ್ಯಾಥೊಲಿಕ್ ಮನೆ, ಹುಡುಗ ಪಾದ್ರಿಯಾಗುವ ಯೋಚನೆಯಲ್ಲಿದ್ದ. ಕೊನೆಗೆ ಶಿಕ್ಷಕರ ತರಬೇತಿ ಮುಗಿಸಿ ಶಾಲೆಯಲ್ಲಿ ನಾಟಕ ಕಲಿಸಿದ. ಆಮೇಲೆ ಬ್ರಿಸ್ಟಲ್ ಓಲ್ಡ್ ವಿಕ್ ರಂಗಶಾಲೆ. ಈ ಹೆಸರು ಬಾಯಿಗೆ ಕಷ್ಟ, ಬದಲಿಸಿಕೋ ಎಂದು ಏಜೆಂಟರು ಹೇಳಿದರು. ಪೀಟ್ ಒಪ್ಪಲಿಲ್ಲ. ಅಪ್ಪ ಅಮ್ಮ ಕೊಟ್ಟ ಹೆಸರಿನಲ್ಲೇ ಕೊನೆಯವರೆಗೂ ನಟಿಸಿದರು.

ನಿಜವಾದ ಕಲಿಕೆ ನಡೆದದ್ದು ಲಿವರ್‌ಪೂಲಿನ ಹೋಪ್ ಸ್ಟ್ರೀಟ್‌ನಲ್ಲಿ. ಹತ್ತೊಂಬತ್ತನೆಯ ಶತಮಾನದ ಒಂದು ಪ್ರಾರ್ಥನಾ ಮಂದಿರದಲ್ಲಿ 1964ರಲ್ಲಿ ಶುರುವಾದ ಎವ್ರಿಮನ್ ಥಿಯೇಟರ್ ಅದು. ಎಪ್ಪತ್ತರ ದಶಕದಲ್ಲಿ ಅಲನ್ ಡೋಸರ್ ಅದರ ಮುಖ್ಯಸ್ಥರು. ಅವರ ಕಾಲದಲ್ಲಿ ಅಲ್ಲಿ ದುಡಿದ ಹುಡುಗ ಹುಡುಗಿಯರ ಹೆಸರು ನೋಡಿ: ಜೋನಾಥನ್ ಪ್ರೈಸ್, ಜೂಲಿ ವಾಲ್ಟರ್ಸ್, ಬಿಲ್ ನೈ, ಆಂಟನಿ ಶರ್, ಬರ್ನಾರ್ಡ್ ಹಿಲ್. ಬರೆಯಲು ವಿಲ್ಲಿ ರಸೆಲ್, ಅಲನ್ ಬ್ಲೀಸ್‌ಡೇಲ್. ಒಂದೇ ಊರಿನ ಒಂದೇ ರಂಗಮಂದಿರ ಇಷ್ಟು ಜನರನ್ನು ಕೊಟ್ಟದ್ದು ಕಾಕತಾಳೀಯವಲ್ಲ. ನಾಟಕದ ಮೇಲೆ ನಾಟಕ ಕಟ್ಟುವ ತಂಡ, ಕೈಗೆ ಬರುವ ಸಂಬಳ, ಮತ್ತೆ ಮತ್ತೆ ಬರುವ ಅದೇ ಊರಿನ ಪ್ರೇಕ್ಷಕ, ಈ ಮೂರೂ ಅಲ್ಲಿ ಕೂಡಿಬಂದಿದ್ದವು.

ತಂಡದ ಒಂದು ಭಾಗ ವ್ಯಾನ್ ಹತ್ತಿ ಪಬ್ಬುಗಳಿಗೂ ಹೋಗಿ ಆಡುತ್ತಿತ್ತು, ಪೀಟ್ ಅದರಲ್ಲಿದ್ದರು. ಪಬ್ಬಿನಲ್ಲಿ ಕೂತವನು ನಾಟಕ ನೋಡಲು ಬಂದವನಲ್ಲ. ದಿನದ ದುಡಿಮೆ ಮುಗಿಸಿ ಬಿಯರ್ ಕುಡಿಯಲು ಬಂದವನು. ಅವನಿಗೆ ಬೇಸರವಾದರೆ ಮರ್ಯಾದೆಗೆ ಸುಮ್ಮನಿರುವುದಿಲ್ಲ, ಪಕ್ಕದವನ ಜೊತೆ ಮಾತು ಶುರು ಮಾಡುತ್ತಾನೆ. ಅಂಥವನು ಗ್ಲಾಸು ಕೆಳಗಿಟ್ಟು ನೋಡುವಂತೆ ಮಾಡಲು ಸುಳ್ಳು ಅಭಿನಯ ಸಾಕಾಗದು. ಮುಂದೆ ಕ್ಯಾಮೆರಾ ಎದುರು ಪೀಟ್ ಸುಮ್ಮನೆ ಕೂತರೂ ಕಣ್ಣು ಅವರತ್ತಲೇ ಹೋಗುತ್ತದಲ್ಲ, ಅದು ಇಂಥ ರಾತ್ರಿಗಳಲ್ಲಿ ದುಡಿದು ಗಳಿಸಿದ್ದು.

ಸಿನಿಮಾ ಅವರನ್ನು ಗಟ್ಟಿಯಾಗಿ ಗುರುತಿಸಿದಾಗ ವಯಸ್ಸು ನಲವತ್ತು ದಾಟಿತ್ತು. 1988ರ ‘ಡಿಸ್ಟೆಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’ ಚಿತ್ರದಲ್ಲಿ ನಿರ್ದೇಶಕ ಟೆರೆನ್ಸ್ ಡೇವಿಸ್ ತಮ್ಮದೇ ಮನೆಯ ಕಥೆ ಹೇಳಿದರು. ಹೆಂಡತಿ ಮಕ್ಕಳನ್ನು ಹೊಡೆಯುವ ಅಪ್ಪನ ಪಾತ್ರ ಪೀಟ್ ಅವರದು. ಕ್ರಿಸ್‌ಮಸ್ ಹಿಂದಿನ ರಾತ್ರಿ ಆ ಅಪ್ಪ ಸದ್ದಿಲ್ಲದೆ ಬಂದು, ಮಲಗಿದ ಮಕ್ಕಳ ಮಂಚಕ್ಕೆ ಉಡುಗೊರೆಯ ಕಾಲುಚೀಲ ಕಟ್ಟುತ್ತಾನೆ. ಮುಖದಲ್ಲಿ ಅಷ್ಟೊಂದು ಅಕ್ಕರೆ. ಅದರ ಬೆನ್ನಿಗೇ ಊಟದ ಮೇಜಿನ ದೃಶ್ಯ: ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾರೆ, ಅವನು ಮೇಜಿನ ಬಟ್ಟೆಯನ್ನು ತಟ್ಟೆಗಳ ಸಮೇತ ಎಳೆದು ಕೆಡವುತ್ತಾನೆ. ಸಾಧಾರಣ ನಟನಾಗಿದ್ದರೆ ಎರಡರಲ್ಲಿ ಒಂದನ್ನು ನಾಟಕ ಎನ್ನಿಸಿಬಿಡುತ್ತಿದ್ದ. ಇಲ್ಲಿ ಎರಡೂ ನಿಜ. ಇಂಥ ಅಪ್ಪಂದಿರ ಮನೆಯಲ್ಲಿ ಬೆಳೆದ ಮಕ್ಕಳು ನನ್ನ ತರಗತಿಯಲ್ಲೂ ಕೂತಿರುತ್ತಾರೆ. ಅವರು ಅಪ್ಪನನ್ನು ಬರೀ ದ್ವೇಷಿಸಲಾರರು, ಬರೀ ಪ್ರೀತಿಸಲಾರರು. ಅದನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಈ ಎರಡು ದೃಶ್ಯಗಳನ್ನು ನೋಡಿ.

1996ರಲ್ಲಿ ಬಂದ ಮಾರ್ಕ್ ಹರ್ಮನ್ ಅವರ ‘ಬ್ರಾಸ್ಡ್ ಆಫ್’ ನನಗೆ ಎಲ್ಲಕ್ಕಿಂತ ಪ್ರಿಯ. ಯಾರ್ಕ್‌ಶೈರ್‌ನ ಕಲ್ಲಿದ್ದಲು ಗಣಿಯೊಂದು ಮುಚ್ಚುವ ಹೊತ್ತು. ಗಣಿ ಕಾರ್ಮಿಕರ ಬ್ಯಾಂಡ್ ತಂಡದ ನಾಯಕ ಡ್ಯಾನಿಯಾಗಿ ಪೀಟ್. ಕಲ್ಲಿದ್ದಲ ದೂಳು ಅವನ ಶ್ವಾಸಕೋಶವನ್ನು ತಿಂದುಹಾಕಿದೆ. ಆಸ್ಪತ್ರೆಯ ಕಿಟಕಿಯ ಕೆಳಗೆ ಹುಡುಗರು ಹೆಲ್ಮೆಟ್ಟಿನ ದೀಪ ಹೊತ್ತಿಸಿಕೊಂಡು ಬ್ಯಾಂಡ್ ನುಡಿಸುತ್ತಾರೆ. ತಂಡ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಗೆದ್ದಾಗ, ಹಾಸಿಗೆಯಿಂದ ಎದ್ದು ಬಂದ ಡ್ಯಾನಿ ಟ್ರೋಫಿ ಬೇಡ ಎನ್ನುತ್ತಾನೆ. ಸಂಗೀತವೇ ಮುಖ್ಯ ಅಂದುಕೊಂಡಿದ್ದೆ, ಮನುಷ್ಯರಷ್ಟು ಅದು ಮುಖ್ಯವಲ್ಲ ಎಂಬ ಅರ್ಥದ ಮಾತನಾಡುತ್ತಾನೆ. ಭಾಷಣಕ್ಕೆ ಎಂಥ ಅವಕಾಶ! ಪೀಟ್ ಅಬ್ಬರಿಸುವುದಿಲ್ಲ. ಉಸಿರು ಕಡಿಮೆ ಇರುವ ಮನುಷ್ಯ ಮಾತನ್ನು ಹೇಗೆ ಜೋಪಾನವಾಗಿ ಖರ್ಚು ಮಾಡುತ್ತಾನೋ ಹಾಗೆ ಮಾತಾಡುತ್ತಾರೆ. ಚಿತ್ರಕ್ಕೆ ನುಡಿಸಿದ್ದು ಗ್ರೈಮ್‌ಥಾರ್ಪ್ ಗಣಿಯ ನಿಜವಾದ ಬ್ಯಾಂಡ್. 1992ರಲ್ಲಿ ತಮ್ಮ ಗಣಿ ಮುಚ್ಚುವ ಸುದ್ದಿ ಬಂದ ಬೆನ್ನಲ್ಲೇ ಆ ತಂಡ ಅದೇ ಸಭಾಂಗಣದಲ್ಲಿ ರಾಷ್ಟ್ರೀಯ ಸ್ಪರ್ಧೆ ಗೆದ್ದಿತ್ತು.

ಹಾಲಿವುಡ್ ಕೂಡ ಕರೆಯಿತು. ‘ದಿ ಯೂಶುವಲ್ ಸಸ್ಪೆಕ್ಟ್ಸ್’ನ ವಕೀಲ ಕೊಬಯಾಶಿ, ‘ದಿ ಲಾಸ್ಟ್ ವರ್ಲ್ಡ್’ನ ಬೇಟೆಗಾರ, ‘ಇನ್ಸೆಪ್ಷನ್’ನಲ್ಲಿ ಹಾಸಿಗೆ ಹಿಡಿದ ಉದ್ಯಮಿ. ಜಗತ್ತಿನ ಅತ್ಯುತ್ತಮ ನಟ ಬಹುಶಃ ಇವರೇ ಎಂದರು ಸ್ಪೀಲ್‌ಬರ್ಗ್. ಅಂಥ ಮೆಚ್ಚುಗೆಯ ನಂತರವೂ ಪೀಟ್ ರಂಗಭೂಮಿ ಬಿಡಲಿಲ್ಲ. 2008ರಲ್ಲಿ ಲಿವರ್‌ಪೂಲ್ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿದ್ದಾಗ ಅದೇ ಎವ್ರಿಮನ್‌ಗೆ ಹಿಂತಿರುಗಿ ಲಿಯರ್ ದೊರೆಯ ಪಾತ್ರ ಮಾಡಿದರು, ನಿರ್ದೇಶನ ರೂಪರ್ಟ್ ಗೂಲ್ಡ್. ಮೊದಲ ವಿಮರ್ಶೆಗಳಲ್ಲಿ ಕಟುವಾದವೂ ಇದ್ದವು. ನಾಟಕ ಅಲ್ಲಿಗೇ ನಿಲ್ಲದೆ ಮರುವರ್ಷ ಲಂಡನ್ನಿನ ಯಂಗ್ ವಿಕ್‌ಗೂ ಹೋಯಿತು.

2009ರ ‘ದಿ ಏಜ್ ಆಫ್ ಸ್ಟುಪಿಡ್’ನಲ್ಲಿ ಅವರು 2055ರಲ್ಲಿ ಹಾಳಾದ ಭೂಮಿಯ ಮೇಲೆ ಒಬ್ಬಂಟಿಯಾಗಿ ಉಳಿದ ದಾಖಲೆಗಾರ. ಅದರ ಪ್ರಥಮ ಪ್ರದರ್ಶನದಲ್ಲಿ, ಇಂಗ್ಲೆಂಡಿನ ಕಿಂಗ್ಸ್‌ನಾರ್ತ್‌ನಲ್ಲಿ ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟರೆ ತಮಗೆ ಸಂದಿದ್ದ ಒಬಿಇ ಎಂಬ ಬ್ರಿಟಿಷ್ ಗೌರವವನ್ನು ಹಿಂದಿರುಗಿಸುವುದಾಗಿ ಹೇಳಿದರು. ಗಣಿ ಕಾರ್ಮಿಕರ ಪರ ನಿಂತ ಡ್ಯಾನಿ ಕಲ್ಲಿದ್ದಲನ್ನೇ ವಿರೋಧಿಸಿದ್ದು ಹೇಗೆ ಎಂದು ಕೇಳಬಹುದು. ನನಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಎರಡು ಕಡೆಯೂ ಅವರು ನಿಂತದ್ದು, ಯಾರೋ ಮಾಡಿದ ತೀರ್ಮಾನಕ್ಕೆ ತಮ್ಮ ಬದುಕಿನಿಂದ ಬೆಲೆ ತೆರುವವರ ಪಕ್ಕದಲ್ಲಿ. 2011ರ ಜನವರಿ 2ರಂದು, 64ನೆಯ ವಯಸ್ಸಿನಲ್ಲಿ ಕ್ಯಾನ್ಸರ್ ಅವರನ್ನು ಕೊಂಡೊಯ್ಯಿತು.

ಇಂಥ ನಟ ಮತ್ತೆ ಬರುತ್ತಾನೆಯೇ? ಪೀಪಾಯಿ ಮಾಡುವವನ ಮಗ ನಟನಾಗಿ ಬದುಕಬೇಕಾದರೆ, ಹೆಸರು ಬರುವ ಮೊದಲಿನ ವರ್ಷಗಳಲ್ಲಿ ಯಾರೋ ಅವನಿಗೆ ಸಂಬಳ ಕೊಡಬೇಕು. ಆ ವ್ಯವಸ್ಥೆ ಇಂಗ್ಲೆಂಡಿನಲ್ಲೇ ಸೊರಗುತ್ತಿದೆ. 1885ರಲ್ಲಿ ಶುರುವಾದ ಓಲ್ಡಮ್ ಊರಿನ ಕೊಲಿಸಿಯಮ್ ರಂಗಮಂದಿರ ಅನುದಾನ ಕೈತಪ್ಪಿ 2023ರಲ್ಲಿ ಬಾಗಿಲು ಹಾಕಿತು. ಊರವರು, ಕಲಾವಿದರು ಸೇರಿ ಗಲಾಟೆ ಮಾಡಿದ ಮೇಲೆ ಮತ್ತೆ ತೆರೆಯುವ ತೀರ್ಮಾನವಾಯಿತು. ಕೇಳಿದರೆ ಸಿಗುತ್ತದೆ, ಕೇಳಬೇಕಾದವರು ಊರವರು.

ನಮ್ಮಲ್ಲಿ 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನ ರಂಗಾಯಣವನ್ನು ಕಟ್ಟಿದ್ದು ಸಂಬಳ ಪಡೆಯುವ ಕಲಾವಿದರ ತಂಡವಾಗಿಯೇ. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ. ಅವುಗಳಿಂದ ಬಂದವರನ್ನು ನಾವು ಈಗ ಸಿನಿಮಾ, ಧಾರಾವಾಹಿಗಳಲ್ಲಿ ಅಪ್ಪ, ಮಾವ, ಪೊಲೀಸ್ ಪೇದೆಯಾಗಿ ನೋಡಿ ಮೆಚ್ಚುತ್ತೇವೆ. ಆ ಅಭಿನಯ ಬೇಕು ಎನ್ನುವವರು ಅದು ಬೆಳೆಯುವ ಜಾಗದ ಖರ್ಚನ್ನೂ ಹೊರಬೇಕು. ಜಿಲ್ಲಾ ರಂಗಮಂದಿರ ಮದುವೆಗೆ, ಸನ್ಮಾನ ಸಮಾರಂಭಕ್ಕೆ ಬಾಡಿಗೆ ಹೋಗುವ ಕಟ್ಟಡವಷ್ಟೇ ಆಗಿ ಉಳಿಯಬಾರದು. ಪ್ರತಿ ಜಿಲ್ಲೆಯಲ್ಲೂ ಹತ್ತು ಹನ್ನೆರಡು ಯುವಕ ಯುವತಿಯರ ಒಂದು ಕಾಯಂ ತಂಡ, ಅವರಿಗೆ ತಿಂಗಳ ಸಂಬಳ, ಅವರು ಆಡಲು ವರ್ಷವಿಡೀ ಕಾದಿಟ್ಟ ದಿನಗಳು: ಸರ್ಕಾರದ ಮುಂದೆ ನಾನಿಡುವ ಬೇಡಿಕೆ ಇಷ್ಟು. ಓದುಗರ ಮುಂದೆ ಇಡುವುದು ಇನ್ನೂ ಸಣ್ಣದು. ನಿಮ್ಮೂರಿಗೆ ನಾಟಕ ಬಂದಾಗ ಪಾಸು ಕೇಳಬೇಡಿ, ಟಿಕೆಟ್ ತೆಗೆದುಕೊಂಡು ನೋಡಿ.