ಹಸಿರು ಹಲಗೆಯ ವಸತಿಗೃಹಗಳು

ಪ್ರವಾಸಿಗರನ್ನು ಕರೆಯುವ ವಸತಿಗೃಹಗಳು ‘ಪರಿಸರಸ್ನೇಹಿ’ ಎಂಬ ಹಲಗೆಯನ್ನು ತೂಗುಹಾಕುವುದು ಈಗ ವಾಡಿಕೆಯಾಗಿದೆ. ಇಳಕಲ್ ಸೀರೆ ಕೊಳ್ಳುವಾಗ ಮೈಯ ಹಾಸಿಗೂ ಸೆರಗಿನ ಹಾಸಿಗೂ ಬಿದ್ದ ಕೊಂಡಿಯನ್ನು ತಿರುವಿ ನೋಡುವ ನಾವು, ವಸತಿಗೃಹವನ್ನು ಆರಿಸುವಾಗ ಹಲಗೆಯೊಂದನ್ನೇ ಓದಿ ತೃಪ್ತರಾಗುವುದೇಕೆ?

ಬಾಗಲಕೋಟೆ ಜಿಲ್ಲೆಯ ವನ್ಯಸಂಪತ್ತನ್ನು ದಟ್ಟಡವಿಯಲ್ಲಿ ಹುಡುಕಬೇಕಾಗಿಲ್ಲ. ಬೀಳಗಿ, ಮುಧೋಳ ತಾಲೂಕುಗಳಲ್ಲಿ ಹರಡಿದ ಯಡಹಳ್ಳಿಯ ಕುರುಚಲು ಕಾಡಿನಲ್ಲಿ ಚಿಂಕಾರವೆಂಬ ಪುಟ್ಟ ಹುಲ್ಲೆಯುಂಟು. 2016ರಲ್ಲಿ ಸುಮಾರು 96 ಚದರ ಕಿಲೋಮೀಟರು ನೆಲವನ್ನು ಅದರ ಹೆಸರಿನಲ್ಲಿಯೇ ವನ್ಯಧಾಮವೆಂದು ಘೋಷಿಸಲಾಯಿತು. ಇದಕ್ಕೆ ಬೇಕಾದುದು ಬಯಲು, ಮುಳ್ಳುಗಿಡ, ದೂರದವರೆಗೆ ಓಡಲು ತೆರವಾದ ನೆಲ. ಎಲೆ, ಇಬ್ಬನಿಗಳ ತೇವದಿಂದಲೇ ಅದು ನೀರು ಕುಡಿಯದೆ ಬಹುದಿನ ಬಾಳಬಲ್ಲುದು. ಇಂಥ ಸೀಮೆಯಲ್ಲಿ ಕೊಳವೆಬಾವಿ ಕೊರೆದು ಹುಲ್ಲುಹಾಸು ಬೆಳೆಸಿ, ಸುತ್ತ ಮುಳ್ಳುತಂತಿ ಬಿಗಿದು, ಇರುಳೆಲ್ಲ ದೀಪ ಉರಿಸುವ ಗೃಹವು ಎಷ್ಟು ಹಸಿರಾಗಿ ಕಂಡರೂ ವನ್ಯಜೀವಿಗಳಿಗೆ ಹಿತವಲ್ಲವೆಂದೇ ನಮ್ಮ ಅಭಿಪ್ರಾಯ. (ಕುರುಚಲು ನೆಲವನ್ನು ‘ಬರಡು’ ಎನ್ನುವ ಚಾಳಿ ನಮ್ಮಿಂದ ಎಂದಿಗೆ ತೊಲಗುವುದೋ!)

ಆದುದರಿಂದ ಬಾದಾಮಿಗಾಗಲಿ, ಹುನಗುಂದದತ್ತ ಐಹೊಳೆಗಾಗಲಿ ಹೊರಡುವ ವಿದ್ಯಾರ್ಥಿಗಳು ಕೋಣೆ ಗೊತ್ತುಮಾಡುವ ಮುನ್ನ ವಿಚಾರಿಸಬೇಕು: ನೀರು ಎಲ್ಲಿಂದ ಬರುತ್ತದೆ? ಎಂಜಲು ಎಲ್ಲಿಗೆ ಹೋಗುತ್ತದೆ? ಉಂಡುಳಿದುದನ್ನು ಬಾದಾಮಿಯ ಕೋತಿಗಳಿಗೆ ಎಸೆಯುವುದು ದಯೆಯಲ್ಲ. ಅವಕ್ಕೆ ಕಸಿದು ತಿನ್ನುವ ಪಾಠ. ದಾರಿ ತೋರುವ ಕೆಲಸ ಆ ಊರಿನ ಕುರಿಗಾರರ ಮಕ್ಕಳಿಗೆ ದೊರೆತಿದೆಯೆ? ಬಾಡಿಗೆಯ ಒಂದು ಪಾಲು ವನ್ಯರಕ್ಷಣೆಗೆಂದರೆ ಯಾವ ಕೆಲಸಕ್ಕೆ, ಯಾರ ಕೈಗೆ? ಕರ್ನಾಟಕ ಸರಕಾರವು 1980ರಲ್ಲಿ ಸ್ಥಾಪಿಸಿದ ಜಂಗಲ್ ಲಾಡ್ಜಸ್ ಸಂಸ್ಥೆಯ ಅತಿಥಿಗಳೂ ಈ ಲೆಕ್ಕವನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.