ಒಣಕೆಮ್ಮು ಅಂದ್ರೆ ಬರೀ ಧೂಳಲ್ಲ ಸ್ವಾಮೀ...

ಸಿಟ್ಟಲ್ಲಿದ್ದಾಗ ಬರೀಬಾರ್ದು ಅಂತಾರೆ. ಆದ್ರೂ ಬರೀತಿದೀನಿ.

ನಮ್ಮ ಚಿಕ್ಕಪ್ಪ ಮಳವಳ್ಳಿ ಕಡೆಯ ರೈತ. ಐವತ್ತು ದಾಟಿದ ಮೇಲೆ ಕತ್ತಲ್ಲಿ ಗಂಟು ಬಂತು. ಹಾಜ್‌ಕಿನ್ ಲಿಂಫೋಮಾ ಅಂದ್ರು. ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಕೀಮೋ. ಗಂಟು ಕರಗಿತು, ನಾವೂ ನಿಟ್ಟುಸಿರು ಬಿಟ್ವಿ. ನಾಲ್ಕನೇ ತಿಂಗಳು ಒಣಕೆಮ್ಮು ಶುರುವಾಯ್ತು. "ಏನಿಲ್ಲ ಕಣ ಮಗ, ಧೂಳು" ಅಂದ್ರು ಚಿಕ್ಕಪ್ಪ. ಮಳವಳ್ಳಿಯಲ್ಲಿ ಸಿರಪ್ ಕೊಟ್ರು. ಮದ್ದೂರಿನಲ್ಲಿ ಆಲೆಮನೆ ಹೊಗೆ ಅಂದ್ರು. ಮಂಡ್ಯದಲ್ಲಿ ಟಿಬಿ ಇರಬಹುದು, ಕಫ ಕೊಡಿ ಅಂದ್ರು. ಹೀಗೇ ಮೂರು ವಾರ ಹೋಯ್ತು. ನಡುವೆ ಇನ್ನೊಂದು ಕೀಮೋನೂ ಆಗೋಯ್ತು! ಜಗಲಿಯಿಂದ ಬಚ್ಚಲಿಗೆ ಹೋಗೋಕೂ ಏದುಸಿರು ಬಂದಾಗಲೇ ಸಿಟಿ ಸ್ಕ್ಯಾನ್.

ಕಾರಣ ಬ್ಲಿಯೋಮೈಸಿನ್. ಹಾಜ್‌ಕಿನ್‌ಗೆ ಕೊಡೋ ಎಬಿವಿಡಿ ಅನ್ನೋ ನಾಲ್ಕು ಔಷಧಿಗಳಲ್ಲಿ ಒಂದು. ಅದನ್ನ ಒಡೆದು ಹಾಕೋ ಕಿಣ್ವ ಶ್ವಾಸಕೋಶದಲ್ಲಿ ತೀರಾ ಕಮ್ಮಿ, ಹಾಗಾಗಿ ಪೆಟ್ಟು ಅಲ್ಲೇ ಬೀಳುತ್ತೆ. ವಯಸ್ಸಾದವರಿಗೆ, ಬೀಡಿ ಸಿಗರೇಟು ಸೇದೋರಿಗೆ, ಕಿಡ್ನಿ ಸರಿಯಿಲ್ಲದವರಿಗೆ ಅಪಾಯ ಹೆಚ್ಚು. ಒಟ್ಟು 400 ಯೂನಿಟ್ ದಾಟಿದ್ರೆ ಇನ್ನೂ ಹೆಚ್ಚು, ಆದ್ರೆ ಅದಕ್ಕಿಂತ ಕಮ್ಮಿಯಲ್ಲೂ ಬರುತ್ತೆ. ಬೇಗ ಗೊತ್ತಾದ್ರೆ ಆ ಔಷಧಿ ನಿಲ್ಲಿಸಿ ಸ್ಟೀರಾಯ್ಡ್ ಕೊಡ್ತಾರೆ. ತಡವಾದ್ರೆ ಶ್ವಾಸಕೋಶ ಗಡುಸಾಗಿ ಹಾಗೇ ಉಳಿದುಬಿಡಬಹುದು.

ಕೀಮೋ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ತಪ್ಪು ತಿಳೀಬೇಡಿ. ಹಾಜ್‌ಕಿನ್ ಬಹುಪಾಲು ಜನಕ್ಕೆ ವಾಸಿಯಾಗೋ ಕ್ಯಾನ್ಸರ್, ವಾಸಿ ಮಾಡೋದೂ ಇದೇ ಕೀಮೋ. ಎರಡು ಸುತ್ತಿನ ನಂತರ ಪೆಟ್ ಸ್ಕ್ಯಾನ್ ಚೆನ್ನಾಗಿದ್ರೆ ಮುಂದೆ ಬ್ಲಿಯೋಮೈಸಿನ್ ಬಿಟ್ಟರೂ ಫಲ ಹೆಚ್ಚುಕಮ್ಮಿ ಅಷ್ಟೇ ಅಂತ 2016ರಲ್ಲಿ ಪ್ರಕಟವಾದ ರಾಥಲ್ ಅಧ್ಯಯನ ತೋರಿಸ್ತು. ಆದ್ರೆ ಇದನ್ನ ಕೇಳಬೇಕು ಅಂತಾದ್ರೂ ರೋಗಿಗೆ ಗೊತ್ತಿರಬೇಕಲ್ವಾ?

ಚಿಕ್ಕಪ್ಪನ ಫೈಲಿನಲ್ಲಿ ಔಷಧಿ ಹೆಸರು, ಎಚ್ಚರಿಕೆ ಎಲ್ಲಾ ಇತ್ತು. ಇಂಗ್ಲಿಷಿನಲ್ಲಿ! ಅವರು ಅದನ್ನ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ರು, ಜಮೀನಿನ ಪತ್ರದ ಜೊತೆ.

"ಹೇಳಿದ್ರೆ ಹೆದರಿ ಓಡಿಹೋಗ್ತಾರೆ" ಅಂತಾರೆ ಕೆಲವರು. ಬಾಟಲಿ ಮೇಲೆ ವಿಷ ಅಂತ ಬರೆದಿದ್ರೂ ಬೆಳೆಗೆ ಔಷಧಿ ಹೊಡೆಯೋ ರೈತ ಇದಕ್ಕೆ ಹೆದರ್ತಾನಾ? ಗೊತ್ತಿದ್ದೋನು ಹುಷಾರಾಗಿರ್ತಾನೆ ಅಷ್ಟೇ.

ನಾನು ಕೇಳ್ತಿರೋದು ಜೇಬಲ್ಲಿ ಹಿಡಿಯೋ ಒಂದು ಕನ್ನಡ ಚೀಟಿ: "ನನಗೆ ಬ್ಲಿಯೋಮೈಸಿನ್ ಕೊಟ್ಟಿದ್ದಾರೆ. ಒಣಕೆಮ್ಮು, ಉಬ್ಬಸ, ಜ್ವರ ಬಂದ್ರೆ ಮುಂದಿನ ಡೋಸ್‌ಗೆ ಮುಂಚೆ ನನ್ನ ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿ. ಆಪರೇಷನ್ ಇದ್ರೆ ಅರಿವಳಿಕೆ ಡಾಕ್ಟರಿಗೂ ತಿಳಿಸಿ. ಹೆಚ್ಚು ಆಕ್ಸಿಜನ್ ನನಗೆ ಅಪಾಯ." ಇಷ್ಟಿದ್ರೆ ಮಳವಳ್ಳಿಯಲ್ಲೇ ಮೊದಲ ದಿನ ಗೊತ್ತಾಗ್ತಿತ್ತು.

ಚಿಕ್ಕಪ್ಪ ಬದುಕಿದ್ದಾರೆ. ಕ್ಯಾನ್ಸರ್ ಇಲ್ಲ. ಗದ್ದೆ ಬದುವಿನ ಮೇಲೆ ಹತ್ತು ಹೆಜ್ಜೆ ಹಾಕಿ ಕೂತ್ಕೋತಾರೆ.

ಬ್ಲಾಗಿಗ ಮಿತ್ರರೇ, ನಿಮ್ಮ ಮನೇಲಿ ಯಾರಿಗಾದ್ರೂ ಕೀಮೋ ನಡೀತಿದ್ರೆ ಇವತ್ತೇ ಫೈಲು ತೆಗೆದು ಅವರಿಗೆ ಕನ್ನಡದಲ್ಲಿ ಓದಿ ಹೇಳಿ.