ಹಳೇ ಚೀಟಿಯ ಮಾತ್ರೆ

ಹೋದ ತಿಂಗಳು ನನಗೆ ಮತ್ತೆ ಬಿಳಿಸೆರಗು, ಕಿರಿಕಿರಿ ಶುರುವಾಯ್ತು. ಮೆಡಿಕಲ್ ಶಾಪಿನಲ್ಲಿ ಬಾಯಿಬಿಟ್ಟು ಹೇಳೋಕೆ ಮುಜುಗರ. ಮೊಬೈಲಿನಲ್ಲಿದ್ದ ಹಳೇ ಚೀಟಿ ತೋರಿಸಿ ಫ್ಲುಕೊನಜೋಲ್ 150 ಮಿ.ಗ್ರಾಂ. ಮಾತ್ರೆ ನುಂಗಿದೆ. ವಾರವಾದರೂ ಕಡಿಮೆಯಾಗಲಿಲ್ಲ, ಮೀನಿನಂಥ ವಾಸನೆ ಬೇರೆ.

ಡಾಕ್ಟರ್ ಮೇಡಂ ಪರೀಕ್ಷೆ ಮಾಡಿ ಹೇಳಿದರು: "ಹೋದ ಸಲ ಫಂಗಸ್, ಈ ಸಲ ಬ್ಯಾಕ್ಟೀರಿಯಾ. ಆ ಮಾತ್ರೆ ಇದಕ್ಕೆ ನಾಟೋದಿಲ್ಲಮ್ಮ." ಕೊಟ್ಟದ್ದು ಮೆಟ್ರೊನಿಡಜೋಲ್, 7 ದಿನಕ್ಕೆ. ಮೂರನೇ ದಿನಕ್ಕೇ ಆರಾಮ ಅನ್ನಿಸಿತು, ಆದರೂ ಕೋರ್ಸ್ ಪೂರ್ತಿ ಮುಗಿಸಿದೆ.

ಆಫೀಸಿನಲ್ಲಿ ತಪ್ಪು ಎಲ್ಲಿದೆ ಅಂತ ತಿಳಿಯದೆ ಕೋಡ್ ಮುಟ್ಟದವಳು ನಾನು. ಮೈ ವಿಷಯದಲ್ಲಿ ಮಾತ್ರ ಊಹೆ ಮಾಡಿದ್ದೆ! ಗೆಳತಿಯರೇ, ಹಳೇ ಚೀಟಿ ನಂಬಬೇಡಿ. ಬಸುರಿನ ಅನುಮಾನವಿದ್ದರಂತೂ ಫ್ಲುಕೊನಜೋಲನ್ನು ನೀವಾಗಿಯೇ ನುಂಗಲೇಬೇಡಿ. ಮುಜುಗರ ಬಿಟ್ಟು ಡಾಕ್ಟರ ಹತ್ತಿರ ಹೋಗಿ.